ಚಾಪೆ ಮೇಲಿನ ನಾಲ್ಕನೇ ಕೈ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಹೆಡತಲೆ ಊರಿನ ನಮ್ಮ ಮನೆಯ ಜಗಲಿಯಲ್ಲಿ ಮಧ್ಯಾಹ್ನದ ಊಟ ಮುಗಿಯುತ್ತಿದ್ದಂತೆ ಚಾಪೆ ಬೀಳುತ್ತಿತ್ತು. ದೊಡ್ಡಪ್ಪ ಎರಡು ಪ್ಯಾಕ್ ಇಸ್ಪೀಟ್ ತಂದು, ಎಲೆಗಳು ಒಂದಕ್ಕೊಂದು ಅಂಟಬಾರದೆಂದು ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ಕಲೆಸುತ್ತಿದ್ದರು. ಜಗಲಿ ತುಂಬ ಅದರದೇ ವಾಸನೆ. ನಾವು ಮಕ್ಕಳು ಉಪ್ಪುಖಾರ ಸವರಿದ ಮಾವಿನಕಾಯಿ ಚೀಪುತ್ತಾ ದೂರ ನಿಲ್ಲಬೇಕು. ಎಲೆ ಮುಟ್ಟುವ ಹಾಗಿಲ್ಲ. ಆಡುವವರು ನಾಲ್ಕು ಜನ: ದೊಡ್ಡಪ್ಪ, ಅಪ್ಪ, ಪಕ್ಕದ ಮನೆ ನಂಜುಂಡಣ್ಣ, ಮತ್ತೆ ಒಬ್ಬರು ಮೇಷ್ಟ್ರು. ನಾನು ಐದನೇ ಕ್ಲಾಸು ಮುಗಿಸಿದ ವರ್ಷ ಮೇಷ್ಟ್ರಿಗೆ ನರಸೀಪುರದ ಕಡೆ ವರ್ಗವಾಗಿ, ಚಾಪೆಯ ಒಂದು ಮೂಲೆ ಖಾಲಿಯಾಯಿತು. ಆ ಮೂಲೆ ನನಗೆ ಬೇಕಿತ್ತು.

ಕೇಳಿದ್ದಕ್ಕೆ ದೊಡ್ಡಪ್ಪ ನಕ್ಕರು. "ರಮ್ಮಿ ಅಂದ್ರೆ ಕುಂಟಾಬಿಲ್ಲೆ ಅಂದ್ಕೊಂಡಿದ್ದೀಯೇನಮ್ಮಿ? ಓಗು, ಆಡ್ಕೋ ಓಗು."

"ಮೂರು ಕೈಲಿ ಮಜಾ ಬರಾಕಿಲ್ಲ ಕಣಣ್ಣೋ, ಕೂರ್ಲಿ ಬುಡು," ಅಂದರು ನಂಜುಂಡಣ್ಣ.

ದೊಡ್ಡಪ್ಪ ಸ್ವಲ್ಪ ಯೋಚಿಸಿ ಷರತ್ತು ಹಾಕಿದರು. "ಭಾನ್ವಾರ ಕೂತ್ಕೊ. ಒಂದ್ ಸಲ ರಾಂಗ್ ಶೋ ಕೊಟ್ಟೆ ಅಂದ್ರೆ, ಈ ರಜೆ ಪೂರ್ತಿ ಚಾಪೆ ಕಡೆ ತಲೆ ಆಕಂಗಿಲ್ಲ." ನನ್ನ ಆಟ ಆಯಿತು ಅಂತ ಎಲೆ ಇಳಿಸಿ, ಅದು ತಪ್ಪಾಗಿದ್ದರೆ ಅದೇ ರಾಂಗ್ ಶೋ.

ಭಾನುವಾರಕ್ಕೆ ನಾಲ್ಕೇ ದಿನ. ನನಗೆ ಕಲಿಸಿದ್ದು ಅತ್ತೆ, ಅಪ್ಪನ ತಂಗಿ. ಅವರನ್ನು ಸೋಮನಾಥಪುರಕ್ಕೆ ಕೊಟ್ಟಿತ್ತು. ನಾಲೆ ಮೆಟ್ಟಿಲಲ್ಲಿ ಬಟ್ಟೆ ಒಗೆಯುವಾಗ ಜಾರಿ ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ತವರಿಗೆ ಬಂದಿದ್ದರು. ಜಗಲಿ ಬಾಗಿಲ ಒಳಗೇ ಅವರ ಮಂಚ. ದೊಡ್ಡಪ್ಪ ಯಾವಾಗಲೂ ಆ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದರು.

"ನಿಂಗೆ ಆಡಾಕ್ ಬತ್ತದಾ ಅತ್ತೆ?"

"ಮದ್ವೆಗ್ ಮುಂಚೆ ಇವ್ರಿಗೆಲ್ಲ ಕಾಫಿ ತಂದ್ಕೊಡ್ತಿದ್ದೋಳು ಯಾರು ಅಂದ್ಕೊಂಡೆ? ಲೋಟ ಇಡೋವಾಗೆಲ್ಲ ಒಂದ್ ಸಲ ಎಲೆ ನೋಡ್ಕೊಂಡ್ ಓಗ್ತಿದ್ದೆ. ಆದ್ರೆ ಯಾವತ್ತೂ ಕೈಗ್ ಕೊಡ್ನಿಲ್ಲ ಕಣಮ್ಮಿ."

ಅತ್ತೆ ಹೇಳಿಕೊಟ್ಟ ರಮ್ಮಿ ಇಷ್ಟು ನೋಡಿ. ಒಬ್ಬೊಬ್ಬರಿಗೆ ಹದಿಮೂರು ಎಲೆ. ಸರದಿ ಬಂದಾಗ ಒಂದು ಎತ್ತಬೇಕು, ಒಂದು ಬಿಡಬೇಕು. ಹೀಗೇ ಹದಿಮೂರನ್ನೂ ಜೋಡಿಸಬೇಕು. ಒಂದೋ ಕಳಾವರ್ ಮೂರು, ನಾಲ್ಕು, ಐದು ಅಂತ ಒಂದೇ ಜಾತಿಯ ಸಾಲು, ಇಲ್ಲವೇ ಬೇರೆ ಬೇರೆ ಜಾತಿಯ ಮೂರು ಎಕ್ಕವೋ ಮೂರು ರಾಜರೋ ಸೇರಿದ ಗುಂಪು. ಸಾಲು ಎರಡಾದರೂ ಇರಲೇಬೇಕು. ಎಲೆ ಹಂಚಿದ ಮೇಲೆ ಒಂದನ್ನು ತೆಗೆದು ತೋರಿಸುತ್ತಾರೆ. ಅದು ಐದಾದರೆ ಆ ಆಟಕ್ಕೆ ಐದುಗಳೆಲ್ಲ ಜೋಕರ್. ಟೋಪಿ ಹಾಕಿಕೊಂಡ ಅಸಲಿ ಜೋಕರ್ ಬೇರೆ. ಇವು ಯಾವ ಎಲೆಯ ಜಾಗಕ್ಕೆ ಬೇಕಾದರೂ ನಿಲ್ಲುತ್ತವೆ. ಆದರೆ ಒಂದು ಸಾಲು ಮಾತ್ರ ಜೋಕರ್ ಸಹಾಯವಿಲ್ಲದೆ ಆಗಬೇಕು. ಅದರ ಹೆಸರು ಲೈಫ್. ಅದಿಲ್ಲದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿ ಜೋಡಿಸಿದ್ದರೂ ದಂಡ. ಮೊದಲ ಎರಡು ದಿನ ನಾನು ಜೋಕರ್ ಸಿಕ್ಕಿದ ಖುಷಿಗೆ ಲೈಫ್ ಮರೆತೇಬಿಡುತ್ತಿದ್ದೆ. ಅತ್ತೆ ಪ್ಲಾಸ್ಟರಿನ ಕಾಲಿನ ಪಕ್ಕದಲ್ಲೇ ಎಲೆ ಹರಡಿ, ಮತ್ತೆ ಮತ್ತೆ ಜೋಡಿಸುವಂತೆ ಮಾಡಿದರು.

ಭಾನುವಾರ ಮೂರನೇ ಆಟಕ್ಕೆ ಜೋಕರ್ ಎಂಟು ಬಂತು. ಅದರಲ್ಲೇ ನನ್ನ ಕೈ ತುಂಬಿತು. ಆಟಿನ್ ಆರು, ಏಳು, ಎಂಟು. ಕಳಾವರ್ ಒಂಬತ್ತು, ಹತ್ತು, ಗುಲಾಮನ ಜಾಗಕ್ಕೆ ಟೋಪಿ ಜೋಕರ್, ರಾಣಿ. ಮೂರು ಎಕ್ಕ, ಮೂರು ಎರಡು. ಎರಡು ಸಲ ಎಣಿಸಿ ಶೋ ಅಂದೆ.

ದೊಡ್ಡಪ್ಪ ಬಗ್ಗಿ ನೋಡಿದರು. "ಎಂಟು ಜೋಕರ್ರಲ್ವೇನಮ್ಮಿ? ಜೋಕರ್ ಆಕಿ ಲೈಫ್ ಅಂತೀಯಾ? ರಾಂಗ್ ಶೋ. ಎದ್ದೇಳು."

"ಅದು ಅದ್ರ ಜಾಗ್ದಲ್ಲೇ ಅದೆ ದೊಡ್ಡಪ್ಪ. ಆಟಿನ್ ಏಳಾದ್ಮೇಲೆ ಆಟಿನ್ ಎಂಟೇ ಅಲ್ವಾ ಬರೋದು?"

"ಜೋಕರ್ ಅಂದ್ಮೇಲೆ ಜೋಕರ್ರೇ."

ಅಪ್ಪ ಅಣ್ಣನ ಎದುರು ಮಾತಾಡುವವರಲ್ಲ, ತಮ್ಮ ಎಲೆ ನೋಡಿಕೊಂಡು ಕೂತರು. ನಾನು ಎದ್ದೆ. ಇಡೀ ರಜೆ ಹೋಯಿತು ಅಂದುಕೊಂಡೆ.

ಆಗ ಮಂಚದಿಂದ ಅತ್ತೆಯ ದನಿ ಬಂತು. "ಅಣ್ಣಯ್ಯ, ಮೊನ್ನೆ ರಾಣಿ ಜೋಕರ್ರಾಗಿತ್ತು. ನೀನು ಇಸ್ಪೀಟ್ ಗುಲಾಮ, ರಾಣಿ, ರಾಜ ಇಟ್ಟು ಲೈಫ್ ಅಂದು ಶೋ ಕೊಟ್ಯಲ್ಲ. ಅದ್ಯಾವ ನ್ಯಾಯ?"

ನಂಜುಂಡಣ್ಣ ತೊಡೆ ತಟ್ಟಿಕೊಂಡು ನಕ್ಕರು. "ಬೆನ್ನಿಂದೆ ಸಾಕ್ಷಿ ಕೂರಿಸ್ಕೊಂಡು ಆಡ್ತಾವ್ನಲ್ಲಪ್ಪ ಇವ್ನು."

ದೊಡ್ಡಪ್ಪ ತಿರುಗಿದರು. "ಅಂದ್ರೆ ಇಷ್ಟು ದಿನ ನನ್ ಎಲೆ ನೋಡ್ತಿದ್ಯಾ ನೀನು?"

"ಇನ್ನೇನ್ ನೋಡ್ಲಿ? ಮೂರು ವಾರದಿಂದ ನಿನ್ ಬೆನ್ನೇ ನನ್ ಟೀವಿ."

ದೊಡ್ಡಪ್ಪ ನನ್ನ ಆಟಿನ್ ಎಂಟನ್ನು ಬೆರಳಲ್ಲಿ ಒತ್ತಿ, ಸಾಲು ನೆಟ್ಟಗೆ ಮಾಡಿದರು. "ಕೂತ್ಕೊಳಮ್ಮಿ." ಆಮೇಲೆ ಅಪ್ಪನಿಗೆ ಅಂದರು: "ಚಾಪೆ ಎತ್ಲಾ. ಮಂಚದ್ ಪಕ್ಕಕ್ ಆಕು. ಇವ್ಳು ಬೆನ್ನಿಂದೆ ಇರೋದ್ಕಿಂತ ಎದ್ರಿಗಿದ್ರೇ ವಾಸಿ."

ಮುಂದಿನ ಮೂರು ವಾರ ಐದು ಕೈ ಆಟ. ಅತ್ತೆ ದಿಂಬಿಗೆ ಒರಗಿ, ಎಲೆಗಳನ್ನು ಬೀಸಣಿಗೆಯಂತೆ ಹಿಡಿದು, ಯಾರ ಮುಖವನ್ನೂ ನೋಡದೆ ಆಡುತ್ತಿದ್ದರು. ಬೇಡದ ಎಲೆ ಬಂದರೂ ಬೇಕಾದ್ದು ಬಂದರೂ ಅವರದು ಒಂದೇ ಮುಖ. ದೊಡ್ಡಪ್ಪ ಸೋತಷ್ಟೂ ಇನ್ನೊಂದು ಆಟ ಅನ್ನುತ್ತಿದ್ದರು. ಅತ್ತೆ ಅಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ನಾನು ನೋಡಿದ್ದು ಆ ಬೇಸಿಗೆಯಲ್ಲಿ ಮಾತ್ರ. ನಂಜನಗೂಡಿಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಬಿಚ್ಚಿಸಿದ ಮಾರನೇ ದಿನವೇ ಸೋಮನಾಥಪುರದಿಂದ ಮಾವ ಬಂದು ಕರೆದುಕೊಂಡು ಹೋದರು. ಮುಂದಿನ ವರ್ಷ ಹಬ್ಬಕ್ಕೆ ಬಂದ ಎರಡು ದಿನವೂ ಅತ್ತೆ ಅಡುಗೆಮನೆಯಲ್ಲೇ ಇದ್ದರು. ಚಾಪೆಯ ಮೂಲೆ ನನಗೆ ಉಳಿಯಿತು, ಅವರಿಗೆ ಉಳಿಯಲಿಲ್ಲ.

ಈಗ ಆ ಚಾಪೆಯೂ ಬೀಳುವುದಿಲ್ಲ. ನಾನು ಫೋನಿನಲ್ಲಿ ಆಡುತ್ತೇನೆ. ಎಂಟು ತನ್ನ ಜಾಗದಲ್ಲೇ ಇದ್ದರೆ ಅದು ಲೈಫ್ ಅಂತ ಫೋನು ತಾನೇ ಒಪ್ಪಿಕೊಳ್ಳುತ್ತದೆ, ಯಾರೂ ಜಗಳಕ್ಕೆ ಬರುವುದಿಲ್ಲ. ಹೋದ ತಿಂಗಳು ಹೊಸ ಪ್ಯಾಕ್ ಹಿಡಿದುಕೊಂಡು ಸೋಮನಾಥಪುರಕ್ಕೆ ಹೋಗಿದ್ದೆ. ಒಂದೇ ಆಟ ಅತ್ತೆ, ಅಂದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎಲೆ ತೆಗೆದುಕೊಂಡರು, ಚಕಚಕನೆ ಕಲೆಸಿದರು, ನಾಲ್ಕು ಕಡೆಯಿಂದಲೂ ತಟ್ಟಿ ಸಮ ಮಾಡಿ ನನ್ನ ಕೈಗೇ ಕೊಟ್ಟರು.

"ಕಾಲು ವಾಸಿಯಾಯ್ತಲ್ಲ ಕಣಮ್ಮಿ, ಇನ್ನೆಲ್ಲಿ ಕೂರೋದು?" ಅಂದು ಹಸುವಿಗೆ ನೀರಿಡಲು ಹೋದರು.