ಒಂದೇ ಸೌಟು

ನಮ್ಮ ಪಕ್ಕದ ಮನೆಯ ಯಜಮಾನರು ಪಾಯಸದ ಬಾಲ್ದಿ ಹಿಡಿದು ಬರುವುದು ಕಂಡರೆ ಪಂಕ್ತಿಯಲ್ಲಿ ಕೂತವರೆಲ್ಲ ಬಾಳೆಲೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಪ್ರಯೋಜನವಿರಲಿಲ್ಲ. "ಹ್ವಾಯ್, ಕೈ ತೆಗೀರಿ. ಒಂದೇ ಸೌಟ್" ಎಂದು ಬಗ್ಗಿ, ಎರಡು ಸೌಟು ಸುರಿದೇ ಮುಂದೆ ಹೋಗುತ್ತಿದ್ದರು. ನನಗೆ ಸಕ್ಕರೆ ಕಾಯಿಲೆ ಎಂದು ಒಮ್ಮೆ ಬೇಡಿಕೊಂಡೆ. "ಇದ್ ಬೆಲ್ಲದ್ದ್ ಮಾರಾಯ್ರೆ" ಎಂದರು.

ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರ ಮನೆಯಲ್ಲಿ ಊಟವಿದ್ದರೂ ಬಡಿಸಲು ಅವರು ಹಾಜರು. ತಾವು ಉಣ್ಣುತ್ತಿದ್ದದ್ದು ಮಾತ್ರ ಮನೆಗೆ ಬಂದ ಮೇಲೆ, ಹೆಂಡತಿ ಮುಚ್ಚಿಟ್ಟ ಗಂಜಿ.

ಮಗಳ ಮದುವೆಯ ದಿನ ಬೀಗರೆಲ್ಲ ಫೋಟೋಕ್ಕೆ ಕಾದು ನಿಂತಿದ್ದರೆ ಇವರು ಊಟದ ಹಾಲ್‌ನಲ್ಲಿದ್ದರು. ಹೆಂಡತಿ ಹುಡುಕಿಕೊಂಡು ಬಂದರು.

"ಹ್ವಾಯ್, ಇದ್ ನಮ್ಮನಿ ಮದಿ. ಇವತ್ತಾದ್ರೂ ಬಾಲ್ದಿ ಕೆಳ್ಗಿಡಿ."

"ನಮ್ಮನಿ ಮದಿ ಅಂದ್ಮೇಲ್ ಬಡ್ಸುದ್ ಯಾರ್? ಈ ಪಂಕ್ತಿ ಮುಗ್ದ್ ಕೂಡ್ಲೆ ಬತ್ತೆ."

ಆಕೆ ರಟ್ಟೆ ಹಿಡಿದು ಎಳೆದುಕೊಂಡೇ ಹೋದರು. ಆ ಫೋಟೋ ಈಗಲೂ ಅವರ ಚಾವಡಿಯಲ್ಲಿದೆ. ಮದುಮಕ್ಕಳ ಪಕ್ಕ ನಗುತ್ತ ನಿಂತಿದ್ದಾರೆ, ಕೈಯಲ್ಲಿ ಬಾಲ್ದಿ.

ಕಳೆದ ತಿಂಗಳು ಅವರ ಉತ್ತರಕ್ರಿಯೆಯ ಊಟ. ಪಾಯಸದ ಬಾಲ್ದಿ ಹಿಡಿದು ಆ ಮಗಳೇ ಬಂದಳು. ಪಂಕ್ತಿಯಲ್ಲಿ ಒಬ್ಬರೂ ಎಲೆಗೆ ಕೈ ಅಡ್ಡ ಹಿಡಿಯಲಿಲ್ಲ. ನನ್ನೆದುರು ಬಗ್ಗಿ, "ಒಂದೇ ಸೌಟ್" ಎಂದವಳು ನಿಜವಾಗಿಯೂ ಒಂದೇ ಸೌಟು ಹಾಕಿದಳು.

"ನಿನ್ನ ಅಪ್ಪಯ್ಯನ ಒಂದ್ ಸೌಟ್ ಅಂದ್ರೆ ಇಷ್ಟಲ್ಲ ಮಗಾ" ಎಂದೆ. "ಇನ್ನೊಂದ್ ಹಾಕ್."