ಸೀಲು ಒಡೆಯದ ಬಾಟಲಿ

ಮೊನ್ನೆ ಶನಿವಾರ ಕಾರು ಗುಡಿಸುವಾಗ ಹಿಂದಿನ ಸೀಟಿನ ಕೆಳಗೊಂದು ನೀರಿನ ಬಾಟಲಿ ಸಿಕ್ಕಿತು. ಅರ್ಧ ಲೀಟರಿನದು, ಮುಚ್ಚಳದ ಸೀಲು ಹಾಗೇ ಇತ್ತು. ಹಿಂದಿನ ದಿನ, ನಮ್ಮ ಎದುರು ಫ್ಲಾಟಿಗೆ ಹೊಸದಾಗಿ ಬಂದ ಹಾಸನದ ಹುಡುಗಿ, ಅವಳ ಗಂಡ, ಊರಿಂದ ಬಂದಿರುವ ಅವಳ ಅತ್ತೆ ಮೂವರನ್ನೂ ಬರ್ಕಾ ಕಡೆ ಸುತ್ತಾಡಿಸಿಕೊಂಡು ಬಂದಿದ್ದೆವು. ಆ ಸೀಟಿನಲ್ಲಿ ಕೂತಿದ್ದದ್ದು ಅತ್ತೆ. ಬೆಳಗ್ಗೆ ಹತ್ತಕ್ಕೆ ನಾನೇ ಕೈಗೆ ಕೊಟ್ಟ ಬಾಟಲಿ ಅದು. ಮನೆಗೆ ಮರಳುವಾಗ ಸಂಜೆ ಆರು. ಅಷ್ಟು ಹೊತ್ತೂ ಆ ಹೆಂಗಸು ಒಂದು ಗುಟುಕು ನೀರು ಕುಡಿದಿರಲಿಲ್ಲ...

ಬೇರೆಯವರಾದರೆ ಬಾಟಲಿಯನ್ನು ಎತ್ತಿ ಫ್ರಿಜ್ಜಿಗೆ ಇಡುತ್ತಿದ್ದರು. ನಾನು ಪೊರಕೆ ಕೆಳಗಿಟ್ಟು ಕಾರಿನ ಬಾಗಿಲಂಚಿನಲ್ಲಿ ಕೂತೆ. ಮೇಲಿನ ಮನೆಯ ಅಕ್ಕ ನೆನಪಾದಳು.

ಹನ್ನೆರಡು ವರ್ಷದ ಹಿಂದೆ ಕೊಲ್ಲಿ ದೇಶದ ಇದೇ ಅಲ್ ಗುಬ್ರಾದ ಕಟ್ಟಡದಲ್ಲಿ ನಮ್ಮ ತಲೆಯ ಮೇಲಿನ ಫ್ಲಾಟ್ ಅವಳದು. ಮಂಗಳೂರು ಕಡೆಯವಳು, ಮನೆಯಲ್ಲಿ ತುಳು, ನಮ್ಮೊಡನೆ ಕನ್ನಡ. ನನಗಿಂತ ಹತ್ತು ವರ್ಷ ದೊಡ್ಡವಳು. ಆದರೆ ಬಹುವಚನ ಹಚ್ಚಿದರೆ ಸಿಟ್ಟಾಗುತ್ತಿದ್ದಳು. "ರೀ ಗೀ ಎಲ್ಲ ನಿನ್ನ ಮೈಸೂರಲ್ಲಿ ಇಟ್ಟು ಬಾ ಮಾರಾಯ್ತಿ" ಎಂದು ಮೊದಲ ವಾರವೇ ಹುಕುಂ ಆಗಿತ್ತು. ಅವಳ ಗಂಡನನ್ನು ನಾವು ಭಾವ ಅನ್ನುತ್ತಿದ್ದೆವು. ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಮರಗೆಲಸ, ಕಬ್ಬಿಣದ ಕೆಲಸ ಎರಡನ್ನೂ ನೋಡಿಕೊಳ್ಳುತ್ತಿದ್ದರು. ಮಾತು ಕಮ್ಮಿ. ಹೆಂಡತಿ ಏನು ಹೇಳಿದರೂ ಅವರ ಉತ್ತರ ಒಂದೇ, "ಖಲಾಸ್, ಆಯ್ತು."

ಅವರ ಹತ್ತಿರ ಒಂದು ಮಡಚುವ ಕ್ಯಾಂಪರ್ ಇತ್ತು. ಊರಿಗೆ ಹೊರಟ ಯಾರೋ ಬಿಳಿಯರ ಕುಟುಂಬದಿಂದ ಬಂದದ್ದು. ಮುಚ್ಚಿದಾಗ ಸೊಂಟದೆತ್ತರದ ಪೆಟ್ಟಿಗೆ, ಕೆಳಗೆ ಎರಡು ಚಕ್ರ, ಕಾರಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವುದು. ಹಿಡಿ ತಿರುಗಿಸಿದರೆ ಮುಚ್ಚಳ ಮೇಲೇಳುತ್ತದೆ, ಎರಡೂ ಬದಿಗೆ ಒಂದೊಂದು ಮಂಚ ಹೊರಬರುತ್ತದೆ, ಸುತ್ತ ದಪ್ಪ ಬಟ್ಟೆಯ ಗೋಡೆ. ಹತ್ತು ನಿಮಿಷದಲ್ಲಿ ಆರು ಜನ ಮಲಗುವ ಮನೆ. ಮೊದಲ ಸಲ ನೋಡಿದಾಗ ನನ್ನ ಮಗಳು "ಇಟ್ಸ್ ಅ ಪಾಪ್‌ಅಪ್ ಹೌಸ್" ಎಂದು ಕುಣಿದಿದ್ದಳು. ನಾನು ಮೂಗು ಮುರಿದಿದ್ದೆ. ರಜೆ ಅಂದರೆ ಹೋಟೆಲು, ಹೋಟೆಲು ಅಂದರೆ ಬಿಸಿನೀರು, ಅಷ್ಟೇ ನನಗೆ ಗೊತ್ತಿದ್ದದ್ದು.

ಆದರೆ ಅಕ್ಕ ಕಷ್ಟಪಡಲು ಕ್ಯಾಂಪಿಗೆ ಹೋಗುವ ಪೈಕಿಯವಳಲ್ಲ. "ಹೊರಗೆ ಮಲಗಿದ್ರೆ ಸಾಧು ಆಗ್ಬೇಕು ಅಂತ ಎಲ್ಲಿ ಉಂಟು?" ಅನ್ನುವಳು. ಆ ಪೆಟ್ಟಿಗೆಯೊಳಗೆ ಅವಳು ತುಂಬಿಸಿಕೊಂಡಿದ್ದ ಸೌಕರ್ಯಗಳನ್ನು ನೋಡಬೇಕಿತ್ತು. ಒಳಗೆ ಕಾಲಿಡುವ ಮುಂಚೆ ಮರಳು ತೊಳೆದುಕೊಳ್ಳಲು ಬಾಗಿಲಲ್ಲಿ ಅಗಲವಾದ ತಟ್ಟೆ. ಮಂಚದ ಪಕ್ಕ ನೇತುಹಾಕುವ ಜೇಬು ಜೇಬಿನ ಬಟ್ಟೆ, ಕನ್ನಡಕಕ್ಕೊಂದು, ಮಾತ್ರೆಗೊಂದು, ಟಾರ್ಚಿಗೊಂದು. ಹುಳ ಕಡಿಮೆ ಬರಲೆಂದು ಹಳದಿ ದೀಪ. ಮೇಜಿನಂಚಿಗೆ ತಿರುಪು ಹಾಕಿ ಕೂರಿಸುವ ತೆಂಗಿನಕಾಯಿ ತುರಿಮಣೆ. ಸಮುದ್ರದ ಇಬ್ಬನಿಗೆ ಬಟ್ಟೆಯ ಗೋಡೆ ಬೆವರುತ್ತದೆ ಎಂದು ಗೋಡೆಗೂ ಹಾಸಿಗೆಗೂ ನಡುವೆ ಹಳೇ ಹತ್ತಿ ಸೀರೆ.

ಇದಕ್ಕೆಲ್ಲ ಒಂದು ಕಾನೂನಿತ್ತು. ಕ್ಯಾಂಪರ್ ಹತ್ತುವ ಪ್ರತಿ ಸಾಮಾನಿಗೂ ಎರಡು ಕೆಲಸ ಬರಬೇಕು. ಇಡ್ಲಿ ಪಾತ್ರೆ ಬೆಳಗ್ಗೆ ಇಡ್ಲಿಗೆ, ಸಂಜೆ ಮೈತೊಳೆಯುವ ನೀರಿಗೆ. ಚಪಾತಿ ಲಟ್ಟಣಿಗೆ ಗೂಟ ಹೊಡೆಯುವುದಕ್ಕೂ ಆಗಬೇಕು. ಹೊಸ ಸಾಮಾನು ಬಂದರೆ ಅದನ್ನು ನೆಲದ ಮೇಲಿಟ್ಟು ಸಂದರ್ಶನ ಮಾಡುತ್ತಿದ್ದಳು. ನಾನು ಮೊದಲ ಸಲ ಹೊರಟಾಗ ದೊಡ್ಡಸ್ತಿಕೆಯಿಂದ ಎಲೆಕ್ಟ್ರಿಕ್ ಕೆಟಲ್ ಹಿಡಿದುಕೊಂಡು ಬಂದಿದ್ದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕರೆಂಟ್ ಇಲ್ಲದ ಕಡೆ ಇದು ಎಂತ ಮಾಡ್ತದೆ? ನಮ್ಮ ಜೊತೆ ಕೂತು ಸಮುದ್ರ ನೋಡ್ತದಾ?" ಎಂದಳು. ಕೆಟಲ್ ಮನೆಯಲ್ಲೇ ಉಳಿಯಿತು.

ಆ ಚಳಿಗಾಲ ನನ್ನ ಅಮ್ಮ ಮೈಸೂರಿನಿಂದ ಮೂರು ತಿಂಗಳಿಗೆ ಬಂದಿದ್ದಳು. ಎರಡೂ ಮೊಣಕಾಲು ಸವೆದಿದ್ದವು, ಕೆಳಗೆ ಕೂತರೆ ಏಳಲು ಇಬ್ಬರು ಬೇಕು. ಬಾಯಿ ಮಾತ್ರ ಸವೆದಿರಲಿಲ್ಲ. ಅವಳು ಬಂದು ಎರಡು ತಿಂಗಳಾದ ಮೇಲೆ ಒಂದು ಸಂಜೆ ಭಾವ ಮಾತಿಗೆ ಮಾತು ಬಂದು, ಸೂರ್ ಕಡೆಯ ಸಮುದ್ರಕ್ಕೆ ಹೋದರೆ ಚಳಿಗಾಲದಲ್ಲಿ ಸೂರ್ಯ ನೀರಿನೊಳಗಿಂದಲೇ ಎದ್ದು ಬರುತ್ತಾನೆ ಅಂದರು. ಅಮ್ಮ ದಿನಾ ಬೆಳಗ್ಗೆ ಸ್ನಾನ ಮಾಡಿ ಬಾಲ್ಕನಿಯಲ್ಲಿ ನಿಂತು ಸೂರ್ಯನಿಗೆ ಒಂದು ತಂಬಿಗೆ ನೀರು ಬಿಡುವವಳು. ನಮ್ಮ ಬಾಲ್ಕನಿಗೆ ಎದುರು ಕಟ್ಟಡದ ನೀರಿನ ಟ್ಯಾಂಕು ಅಡ್ಡ. "ಟ್ಯಾಂಕಿಗೆ ಅರ್ಘ್ಯ ಕೊಟ್ಟೂ ಕೊಟ್ಟೂ ಸಾಕಾಯ್ತು ಕಣೆ. ಅಲ್ಲೊಂದು ಸಲ ನಿಂತು ನೋಡಬೇಕು" ಎಂದಳು. ಜನ್ಮದಲ್ಲಿ ಅವಳು ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದೇ ಇರಬೇಕು.

ಹಾಗಾದರೆ ಅಕ್ಕನ ಕ್ಯಾಂಪರಿನಲ್ಲಿ ಹೋಗಿ ಒಂದು ರಾತ್ರಿ ಇದ್ದು ಬರೋಣ ಅಂದೆ. ಅಮ್ಮ ಉತ್ಸಾಹದಿಂದ ತಲೆಯಾಡಿಸಿದಳು. ಮರುದಿನ ಬೇಡ ಅಂದಳು. ಚಳಿಯಾಗುತ್ತದೆ ಅಂದಳು, ದೂರ ಅಂದಳು, ಅಳಿಯಂದಿರಿಗೆ ತೊಂದರೆ ಅಂದಳು. ನನಗೆ ರೇಗಿಹೋಯಿತು. ಕೇಳಿದವಳೂ ಇವಳೇ, ಬೇಡ ಅನ್ನುವವಳೂ ಇವಳೇ. "ನಿನ್ನ ಹಟ ನಿನಗೇ ಇರಲಿ" ಎಂದು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅದೇ ವಾರಾಂತ್ಯ ಎಲ್ಲರೂ ಬರ್ಕಾದ ಒಂದು ತೋಟಕ್ಕೆ ಹಗಲು ಹೊತ್ತಿನ ಪಿಕ್ನಿಕ್ ಹೋಗಿದ್ದೆವು. ಮರಳಿ ಬರುವಾಗ ಅಮ್ಮನಿಗೆ ತಲೆನೋವು, ಮೆಟ್ಟಿಲ ಹತ್ತಿರ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದುಕೊಂಡಳು. ಬಿಸಿಲು ಬಡಿದಿದೆ ಎಂದುಕೊಂಡೆ. ಚೀಲ ಇಳಿಸಿಕೊಡಲು ಬಂದ ಅಕ್ಕ, ಅಮ್ಮನ ಚೀಲದಿಂದ ನೀರಿನ ಬಾಟಲಿ ತೆಗೆದು ಬೆಳಕಿಗೆ ಹಿಡಿದಳು. ಸೀಲು ಹಾಗೇ ಇತ್ತು.

"ಅಮ್ಮಾ, ನೀರು ಕುಡಿಯಲೇ ಇಲ್ವಾ?"

"ಬಾಯಾರಿಕೆನೇ ಆಗಲಿಲ್ಲಮ್ಮ."

ಅಕ್ಕ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಎಳೆದುಕೊಂಡಳು. "ಹೊರಗೆ ಹೊರಡುವ ದಿನ ನಿನ್ನ ಅಮ್ಮ ಬೆಳಗ್ಗಿನಿಂದ್ಲೇ ನೀರು ಕುಡಿಯುದು ಬಿಡ್ತಾರೆ, ಗೊತ್ತುಂಟಾ? ಆ ತೋಟದಲ್ಲಿ ಇದ್ದದ್ದು ಕುಕ್ಕರುಗಾಲಲ್ಲಿ ಕೂರುವ ಪಾಯಖಾನೆ. ಅವ್ರಿಗೆ ಕೂತ್ರೆ ಏಳ್ಲಿಕ್ಕೆ ಆಗ್ತದಾ? ಇನ್ನು ಸಮುದ್ರದ ದಂಡೆಯಲ್ಲಿ ಬಂಡೆ ಹಿಂದೆ ಹೋಗಿ ಅಂದ್ರೆ ಹೇಗೆ ಬರ್ತಾರೆ?"

ನಾನು ಮಗಳು. ಅದೇ ಹೊಟ್ಟೆಯಲ್ಲಿ ಹುಟ್ಟಿದವಳು. ನನಗದು ಹೊಳೆದಿರಲಿಲ್ಲ. ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಅಕ್ಕ ಸಮಾಧಾನ ಮಾಡಲಿಲ್ಲ. "ಅಳುವುದು ಆಮೇಲೆ. ಅವ್ರ ವಾಪಸ್ ಟಿಕೆಟ್ ಯಾವಾಗ?" ಎಂದಳು. ಮೂರು ವಾರ ಉಳಿದಿತ್ತು.

ಮರುದಿನ ಅವಳು ಹೊಲಿಗೆಯ ಟೇಪು ಹಿಡಿದುಕೊಂಡು ಇಳಿದು ಬಂದಳು. ಅಮ್ಮ ಕೂರುವ ಊಟದ ಕುರ್ಚಿಗೆ ಕುಶನ್ ಹೊಲಿದುಕೊಡುತ್ತೇನೆ ಎಂದು ಅಗಲ ಅಳೆದಳು, ಉದ್ದ ಅಳೆದಳು. ಆಮೇಲೆ ಬಗ್ಗಿ ನೆಲದಿಂದ ಸೀಟಿನವರೆಗೆ ಅಳೆದಳು, ಅಮ್ಮನ ಪಾದದಿಂದ ಮೊಣಕಾಲಿನವರೆಗೂ ಅಳೆದಳು. ಅಮ್ಮ ಹುಬ್ಬು ಗಂಟಿಕ್ಕಿ, "ಕುಶನ್‌ಗೆ ನೆಲದಿಂದ ಯಾಕೆ ಅಳೀತೀಯಾ?" ಎಂದಳು. "ಝಾಲರಿ ಇಡ್ಲಿಕ್ಕೆ ಅಮ್ಮ" ಎಂದಳು ಅಕ್ಕ, ಕಣ್ಣು ಮಿಟುಕಿಸದೆ. ಹೇಳಿದ ತಪ್ಪಿಗೆ ಎರಡು ದಿನ ಕೂತು ಝಾಲರಿಯ ಕುಶನ್ನೂ ಹೊಲಿಯಬೇಕಾಯಿತು.

ಅಳತೆಯ ಚೀಟಿ ಭಾವನ ಜೇಬಿನಲ್ಲಿ ರುಸೈಲ್‌ಗೆ ಹೋಯಿತು. ವಾರದೊಳಗೆ ಅಲ್ಲಿಂದ ಒಂದು ಕುರ್ಚಿ ಬಂತು. ಮಡಚುವ ಕಬ್ಬಿಣದ ಕಾಲು, ನುಣುಪಾಗಿ ಉಜ್ಜಿದ ಮರದ ಸೀಟು, ಸೀಟಿನ ನಡುವೆ ದುಂಡಗಿನ ತೂತು. ಊರಿ ಏಳಲು ಎರಡೂ ಬದಿಗೆ ಗಟ್ಟಿ ಕೈ. ಮರಳಿನಲ್ಲಿ ಹೂತುಹೋಗದಂತೆ ಕಾಲುಗಳ ಕೆಳಗೆ ಅಗಲ ಬಿಲ್ಲೆ. ಅದರ ಸುತ್ತ ನಿಲ್ಲಿಸಲು ನಾಲ್ಕು ಕೋಲು, ಆಳೆತ್ತರದ ನೀಲಿ ಟಾರ್ಪಾಲು. ಸೀರೆಯ ಅಂಚು ಒದ್ದೆಯಾಗದಂತೆ ರಬ್ಬರ್ ಚಾಪೆ, ತಂಬಿಗೆ ಇಡಲು ಕೈಗೆ ಸಿಗುವ ಎತ್ತರದಲ್ಲೊಂದು ಹಲಗೆ. ಭಾವ ಅದನ್ನು ಪಾರ್ಕಿಂಗಿನಲ್ಲಿ ಬಿಡಿಸಿಟ್ಟು, ಅಪರೂಪಕ್ಕೆ ತಮಾಷೆ ಮಾಡಿದರು. "ನಿನ್ನ ಕಾನೂನು ಎಂತಾಯ್ತು? ಇದರ ಎರಡನೇ ಕೆಲಸ ಯಾವುದು?"

"ಇದಕ್ಕೆ ಒಂದೇ ಸಾಕು" ಎಂದಳು ಅಕ್ಕ.

ಅಮ್ಮನಿಗೆ ಏನೂ ಹೇಳಲಿಲ್ಲ. ಒಂದು ಸಣ್ಣ ಸುತ್ತಾಟ, ಸಂಜೆ ಮನೆಗೆ ವಾಪಸ್ ಎಂದು ಸುಳ್ಳು ಹೇಳಿ ಕಾರು ಹತ್ತಿಸುವ ಯೋಚನೆ ನನ್ನದು. ಅಕ್ಕ ಬೈದಳು. "ಮೋಸ ಮಾಡಿ ಕರ್ಕೊಂಡು ಹೋಗ್ಬೇಡ. ನಾನು ಕೇಳ್ತೇನೆ." ಅವಳು ಬಂದು ಅಮ್ಮನ ಪಕ್ಕ ಕೂತು, "ಅಮ್ಮಾ, ನನಗೂ ಈಗ ಮೊಣಕಾಲು ನೋವು. ಕೆಳಗೆ ಕೂರ್ಲಿಕ್ಕೆ ಆಗುದಿಲ್ಲ. ಅದಕ್ಕೆ ಇವ್ರ ಹತ್ರ ಒಂದು ಕುರ್ಚಿ ಮಾಡಿಸಿದ್ದೇನೆ, ಸುತ್ತ ಪರದೆ ಎಲ್ಲ ಉಂಟು. ಇನ್ನು ಹೊರಗೆ ಹೋದ್ರೆ ಚಿಂತೆಯಿಲ್ಲ ನೋಡಿ" ಎಂದಳು. ಅಮ್ಮ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಶುಕ್ರವಾರ ಎಷ್ಟು ಹೊತ್ತಿಗೆ ಹೊರಡೋದು?" ಎಂದಳು.

ಸೂರ್ ದಾರಿಯ ಫಿನ್ಸ್ ದಂಡೆ ಮುಟ್ಟಿದಾಗ ಮಧ್ಯಾಹ್ನ ಮೂರು. ದಾರಿಯಲ್ಲೂ ಅಮ್ಮನ ಬಾಟಲಿಯ ಸೀಲು ಒಡೆಯಲಿಲ್ಲ, ನಾನು ಕಳ್ಳಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ಕ್ಯಾಂಪರ್ ತೆರೆಯುವ ಮುಂಚೆ ಭಾವ ನೀಲಿ ಪರದೆ ನಿಲ್ಲಿಸಿದರು, ಗುಂಡಿ ತೋಡಿದರು, ಮಣ್ಣು ಮುಚ್ಚಲು ಪಕ್ಕದಲ್ಲಿ ಸಣ್ಣ ಸಲಿಕೆ ಇಟ್ಟರು. ಒಳಗೆ ಜನ ಇದ್ದಾರೆ ಎಂದು ತೋರಿಸಲು ಕೋಲಿಗೊಂದು ಕೆಂಪು ರಿಬ್ಬನ್. ಅಕ್ಕ ಎಲ್ಲರಿಗೂ ಕೇಳುವ ಹಾಗೆ, "ನಾನು ಹೋಗಿ ಬರ್ತೇನಪ್ಪ" ಎಂದು ಸಂತೆಗೆ ಹೊರಟವಳಂತೆ ಕುಂಟುತ್ತಾ ನಡೆದಳು. ರಿಬ್ಬನ್ ಏರಿತು, ಇಳಿಯಿತು. ಕುಂಟುತ್ತಲೇ ಬಂದಳು. ಆ ಕುಂಟು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಹೋಗುವಾಗ ಬಲಗಾಲು ಕುಂಟಿತ್ತು, ಬರುವಾಗ ಎಡಗಾಲು.

ಸ್ವಲ್ಪ ಹೊತ್ತಿಗೆ ಅಮ್ಮ ಎದ್ದಳು. ಯಾರ ಮುಖವನ್ನೂ ನೋಡದೆ ಸೆರಗು ಸರಿಮಾಡಿಕೊಂಡು ಹೋದಳು. ನಾವೆಲ್ಲ ದಿಢೀರನೆ ಸಮುದ್ರದ ಕಡೆ ತಿರುಗಿ ನಿಂತೆವು. ನನ್ನ ಮಗಳು "ವೇರ್ ಇಸ್ ಅಜ್ಜಿ?" ಎಂದು ಕೇಳಿದಾಗ ಅಕ್ಕ ಅವಳ ಬಾಯಿಗೊಂದು ಕೋಡುಬಳೆ ತುರುಕಿದಳು.

ಅಮ್ಮ ಮರಳಿ ಬಂದು ನಮ್ಮ ಪಕ್ಕದ ಕುರ್ಚಿಯಲ್ಲಿ ಕೂತಳು. ಅಕ್ಕ ಫಿಲ್ಟರಿನ ಡಿಕಾಕ್ಷನ್ನಿಗೆ ಹಾಲು ಬೆರೆಸಿ ಲೋಟ ಕೊಟ್ಟಳು. ಅಮ್ಮ ಕುಡಿದಳು. ಕುಡಿದು ಲೋಟವನ್ನು ಮುಂದೆ ಚಾಚಿ, "ಇನ್ನೊಂದು ಅರ್ಧ ಹಾಕಮ್ಮ" ಎಂದಳು. ಹೊರಗೆ ಹೋದ ಕಡೆ ಅಮ್ಮ ಎರಡನೇ ಸಲ ಕೇಳಿ ಕುಡಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಮದುವೆಮನೆಗಳಲ್ಲಿ, ಬಸ್ಸಿನ ಪ್ರಯಾಣಗಳಲ್ಲಿ, ನನ್ನ ಬಾಣಂತನಕ್ಕೆ ಬಂದ ರೈಲಿನಲ್ಲಿ... ಎಷ್ಟು ವರ್ಷ ಬಾಯಿ ಒಣಗಿಸಿಕೊಂಡು ಕೂತಿದ್ದಳೋ.

ಬೆಳಗ್ಗೆ, ಭಾವ ಹೇಳಿದ ಮಾತಿನಂತೆ, ಸೂರ್ಯ ನೀರಿನಿಂದಲೇ ಎದ್ದ. ಅಮ್ಮ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ತಂಬಿಗೆ ಎತ್ತಿದಳು, ಒಂದು ಕಡೆ ನಾನು, ಇನ್ನೊಂದು ಕಡೆ ಅಕ್ಕ ಹಿಡಿದುಕೊಂಡಿದ್ದೆವು. "ನಮ್ಮ ಊರಲ್ಲಿ ಇವ ಸಮುದ್ರಕ್ಕೆ ಮುಳುಗುವವ. ಹುಟ್ಟುವುದನ್ನು ನೋಡ್ಲಿಕ್ಕೆ ಇಲ್ಲಿಗೆ ಬರ್ಬೇಕಾಯ್ತು" ಎಂದಳು ಅಕ್ಕ. ಅಮ್ಮ ತಂಬಿಗೆ ಖಾಲಿಯಾದ ಮೇಲೂ ನಿಂತೇ ಇದ್ದಳು. ತಿಂಡಿಗೆ ಆರು ಇಡ್ಲಿ ತಿಂದಳು.

ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಝಾಲರಿಯ ಕುಶನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು: "ಅವಳ ಮೊಣಕಾಲಿಗೆ ಏನೂ ಆಗಿಲ್ಲ ಕಣೆ. ಮೆಟ್ಟಿಲು ಎರಡೆರಡು ಹಾರಿಕೊಂಡು ಹತ್ತುತ್ತಾಳೆ, ನಾನು ದಿನಾ ಕೇಳಿಸಿಕೊಳ್ತಿದ್ದೆ."

ಭಾವನ ನೌಕರಿ ಮುಗಿದು ಅವರು ಊರಿಗೆ ಹೊರಟಾಗ ಕ್ಯಾಂಪರ್ ಬರ್ಕಾದ ಒಂದು ತೋಟಕ್ಕೆ ಹೋಯಿತು. ಬಟ್ಟೆಯೆಲ್ಲ ಬಿಸಿಲಿಗೆ ಪುಡಿಯಾಗಿ ಈಗ ಅದರಲ್ಲಿ ಕೋಳಿಗಳಿವೆ. ಸುಖವಾಗಿಯೇ ಇವೆ. ಕುರ್ಚಿ ಮಾತ್ರ ನನ್ನ ಹತ್ತಿರ ಉಳಿಯಿತು. ಹೋದ ವರ್ಷ ಭಾವನ ದನಿಯ ಒಂದು ಮೆಸೇಜು ಬಂತು. ಕಡಿಮೆ ಮಾತಿನವರು, ಅವತ್ತೂ ಹೆಚ್ಚು ಹೇಳಲಿಲ್ಲ. "ಅವಳು ಹೋದಳು" ಅಂದರು, ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು... ಅಮ್ಮನಿಗೆ ಫೋನಿನಲ್ಲಿ ತಿಳಿಸಿದಾಗ "ಕುಶನ್ ಮೇಲೇ ಕೂತಿದೀನಿ" ಎಂದಳು. ಅಕ್ಕನಿಲ್ಲದ ಮೇಲಿನ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಯಾರಾದರೂ ಮೆಟ್ಟಿಲನ್ನು ಬಿರುಸಾಗಿ ಹತ್ತಿದರೆ ಇವತ್ತಿಗೂ ನಾನು ಬಾಗಿಲ ಕಡೆ ನೋಡುತ್ತೇನೆ.

ಶನಿವಾರ ಸಂಜೆಯೇ ಆ ಕುರ್ಚಿಯನ್ನು ಅಟ್ಟದಿಂದ ಇಳಿಸಿದೆ. ಧೂಳು ತೊಳೆದೆ, ಕೀಲುಗಳಿಗೆ ಎಣ್ಣೆ ಬಿಟ್ಟೆ, ಕೆಂಪು ರಿಬ್ಬನ್ ಹೊಸದು ಕಟ್ಟಿದೆ. ಈ ಶುಕ್ರವಾರ ಫಿನ್ಸ್‌ಗೆ ಹೋಗುತ್ತೇವೆ, ಹಾಸನದ ಹುಡುಗಿಗೆ ಹೇಳಿಯಾಗಿದೆ. ಅವಳ ಅತ್ತೆಯ ಹತ್ತಿರ ನಾನೇ ಹೋಗಿ ಕೂತು, ನನಗೆ ಮೊಣಕಾಲು ನೋವು, ಅದಕ್ಕೆ ಈ ಕುರ್ಚಿ ಎಂದು ಹೇಳಬೇಕು. ಕುಂಟಿ ತೋರಿಸುವ ಕೆಲಸವಿಲ್ಲ. ಅಕ್ಕ ಸುಳ್ಳು ಹೇಳಬೇಕಾಗಿತ್ತು, ನನಗೆ ಐವತ್ತೆರಡು, ನನ್ನದು ನಿಜವಾಗಿಯೂ ನೋಯುತ್ತದೆ.