ಹತ್ತಿಮತ್ತೂರಿನ ಹಿತ್ತಲಲ್ಲಿ ಮೂರು ತತ್ತಿ

ತತ್ತಿ ದಾರಿಯಲ್ಲೇ ಒಡೆಯಬಹುದಿತ್ತು. ಒಡೆಯದೆ ಬಂದರೂ ಒಂದು ಕೆಟ್ಟಿರಬಹುದಿತ್ತು. ಹಿತ್ತಲ ಗಾಳಿಗೆ ಸ್ಟೋವ್ ಆರಬಹುದಿತ್ತು, ಇಲ್ಲವೇ ಉರಿ ಜೋರಾಗಿ ತಳ ಹಿಡಿಯಬಹುದಿತ್ತು. ಚಿಪ್ಪಿನ ಚೂರೊಂದು ಉಳಿದು ರೋಗಿಯ ಗಂಟಲಿಗೆ ಸಿಗಬಹುದಿತ್ತು. ವಾಸನೆ ಒಳಮನೆಗೆ ಹೋಗಿ, ಮನೆಯ ಹಿರಿಯಾಕೆ ನನ್ನನ್ನೂ ನನ್ನ ಚೀಲವನ್ನೂ ನನ್ನ ಇಪ್ಪತ್ತೆರಡು ವರ್ಷದ ಅನುಭವವನ್ನೂ ಒಟ್ಟಿಗೆ ಬೀದಿಗೆ ಹಾಕಬಹುದಿತ್ತು. ಬಸ್ಸಿನಲ್ಲಿ ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಈ ಎಲ್ಲವನ್ನೂ ಡಬ್ಬಿಯೊಳಗಿನ ತತ್ತಿಗಳಿಗಿಂತ ಜೋಪಾನವಾಗಿ ಜೋಡಿಸಿಕೊಳ್ಳುತ್ತ ಹೊರಟಿದ್ದೆ.

ಇದು ನಾಲ್ಕು ವರ್ಷದ ಹಿಂದಿನ ಮಾತು. ಆಗ ನಾನು ಶಿಗ್ಗಾಂವದ ಸಣ್ಣ ಖಾಸಗಿ ಆಸ್ಪತ್ರೆಯೊಂದರಲ್ಲಿ ಡಯಟಿಷಿಯನ್; ಅಂದರೆ ಯಾವ ರೋಗಿ ಏನು, ಎಷ್ಟು ತಿನ್ನಬೇಕೆಂದು ಚಾರ್ಟ್ ಬರೆದುಕೊಡುವವಳು. ಹಾನಗಲ್ಲ, ಹಿರೇಕೆರೂರು ಕಡೆಯಿಂದ ಬಂದವರನ್ನೂ ಸೇರಿಸಿ ಎಷ್ಟೋ ಜನಕ್ಕೆ 'ದಿನಕ್ಕೆ ಎರಡು ಮೊಟ್ಟೆ' ಎಂದು ಬರೆದಿದ್ದೆ. ಬೇಯಿಸಿದ್ದು ಮಾತ್ರ ಒಂದೂ ಇಲ್ಲ. ಹಾನಗಲ್ಲಿನ ಲಿಂಗಾಯತರ ಮನೆಯಲ್ಲಿ ಹುಟ್ಟಿ, ಅಂಥದೇ ಮನೆ ಸೇರಿದವಳು. ತತ್ತಿಯಲ್ಲಿ ಪ್ರೋಟೀನ್ ಎಷ್ಟು ಗ್ರಾಂ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಅದನ್ನು ಒಡೆಯುವುದು ಹೇಗೆಂದು ಯಾರೂ ಕೇಳಿರಲಿಲ್ಲ.

ಕೇಳುವಂತೆ ಮಾಡಿದವರು ಚನ್ನಬಸಪ್ಪನವರು. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಮೆಣಸಿನಕಾಯಿ ವ್ಯಾಪಾರಿ, ಅರವತ್ತೆಂಟು ವರ್ಷ. ಬೈಕಿನಿಂದ ಬಿದ್ದು ಕೆಳದವಡೆ ಮುರಿದು, ಹಲ್ಲುಗಳಿಗೆ ತಂತಿ ಬಿಗಿದು ಆರು ವಾರ ಬಾಯಿ ಮುಚ್ಚಿತ್ತು. ತಂತಿ ಬಿಚ್ಚಿದಾಗ ಅರವತ್ತೊಂದು ಕಿಲೋದ ಮನುಷ್ಯ ನಲವತ್ತೊಂಬತ್ತಕ್ಕೆ ಇಳಿದಿದ್ದರು. ಅಗಿಯಲು ಆಗದು, ಖಾರ ತಡೆಯದು. ಹೆಂಡತಿ ಗಂಗವ್ವನವರು ಗಂಜಿ, ಹೆಸರುಬೇಳೆ ಕಟ್ಟು, ಹಾಲು, ಏನು ತಂದರೂ ಎರಡು ಚಮಚಕ್ಕೆ ಮುಖ ತಿರುಗಿಸುತ್ತಿದ್ದರು. ಎರಡು ವಾರದಲ್ಲಿ ಒಂದು ಕಿಲೋವಾದರೂ ಏರದಿದ್ದರೆ ಮತ್ತೆ ದಾಖಲು ಮಾಡಿ ಮೂಗಿಗೆ ನಳಿಗೆ ಹಾಕುವುದೇ ಎಂದು ಡಾಕ್ಟರು ಹೇಳಿಬಿಟ್ಟರು. ಹಿಂದೆ ಹಾಕಿದ್ದ ನಳಿಗೆಯನ್ನು ಎರಡು ಸಲ ಕಿತ್ತೆಸೆದಿದ್ದ ಮನುಷ್ಯ ಆ ಮಾತಿಗೆ ಗೋಡೆ ನೋಡುತ್ತ ಕುಳಿತರು. ಬೈದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಗಂಗವ್ವ ಔಷಧಿ ತರಲು ಹೋದಾಗ, ಏನು ತಿನ್ನಬೇಕು ಅನಿಸುತ್ತದೆ ಎಂದು ಕೇಳಿದೆ.

"ಸವಣೂರ ಬಸ್ ಸ್ಟ್ಯಾಂಡಿನ ಹಂತ್ಯಾಕ ಒಬ್ಬಾಂವ ಗಾಡಿ ಮ್ಯಾಲ ತತ್ತಿ ಮಾಡ್ತಾನ್ರಿ," ಎಂದರು ಸಣ್ಣ ದನಿಯಲ್ಲಿ. "ಮೂವತ್ತ ವರ್ಷ ತಿಂದೇನಿ. ಮನ್ಯಾಗ ಗೊತ್ತಿಲ್ಲ."

"ಗೊತ್ತಿಲ್ಲಂತ," ಎಂಬ ದನಿ ಬಾಗಿಲಿಂದ ಬಂತು. ಗಂಗವ್ವ ವಾಪಸು ಬಂದು ನಿಂತಿದ್ದರು. "ತಿಂದು ಎರಡೆರಡು ಎಲಿ-ಅಡಿಕಿ ಹಾಕ್ಕೊಂಡು ಬಂದ್ರ, ನನಗೇನ ಮೂಗಿಲ್ಲೇನ್ರಿ ಬಾಯಾರ?" ಎಂದು ನನ್ನನ್ನು ಕೇಳಿದರು.

ಚನ್ನಬಸಪ್ಪನವರು ಮತ್ತೆ ಗೋಡೆ ನೋಡಿದರು. ಗಂಗವ್ವ ಔಷಧಿಯ ಚೀಲವನ್ನು ಅವರ ತೊಡೆಯ ಮೇಲಿಟ್ಟು ಅಂದರು: "ಹಿತ್ತಲದಾಗ ಏನರ ಮಾಡ್ಕೊಳ್ರಿ. ಹೊಸ್ತಿಲ ದಾಟಬಾರದು. ನಾ ಮುಟ್ಟಾಂಗಿಲ್ಲ."

ಗಾಡಿಯ ಆಮ್ಲೆಟ್ ಆ ದವಡೆಗೆ ಆಗುವ ಮಾತಲ್ಲ. ಅಗಿಯದೆ ನುಂಗುವಷ್ಟು ಮೆತ್ತಗಿರಬೇಕು, ಹಸಿಯೂ ಉಳಿಯಬಾರದು. ಹಿರಿಯ ಮಗ ಮಾಡಲು ಒಪ್ಪಿದ. ಆದರೆ ಒಮ್ಮೆ ತೋರಿಸಬೇಕು. ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ನಾನೇ ಬಂದು ತೋರಿಸ್ತೀನಿ" ಎಂದುಬಿಟ್ಟೆ.

ಆಸ್ಪತ್ರೆಯ ನರ್ಸ್ ಶಾಹಿದಾ ತನ್ನ ಮನೆಗೆ ಕರೆದೊಯ್ದು ಕಲಿಸಿದಳು. ಮೊದಲ ಸಲ ನಾನು ಮಾಡಿದ್ದನ್ನು ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕಲು ಬಳಸಬಹುದಿತ್ತು.

"ಉರಿ ಸಣ್ಣ ಮಾಡ್ರಿ ಮೇಡಂ," ಎಂದಳು. "ತತ್ತಿ ಎಲ್ಲೂ ಓಡಿ ಹೋಗಂಗಿಲ್ಲ. ಓಡಾಕತ್ತವರು ನೀವು."

ಎರಡನೆಯ ಸಲ ಅವಳು ಮೂರು ತತ್ತಿ ಒಡೆದು, ಬಿಳಿ ಹಳದಿ ಒಂದಾಗುವವರೆಗೆ ಕಡೆದು ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ಅಲ್ಲಿಂದ ಮುಂದಿನದನ್ನು ನಾನು ಮಾಡಿದೆ. ಮಾಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಪ್ಯಾನಿಗೆ ಎರಡು ಚಮಚ ಬೆಣ್ಣೆ, ಕರಗಬೇಕು, ಕೆಂಪಾಗಬಾರದು. ತತ್ತಿ ಸುರಿದ ಮೇಲೆ ಮರದ ಹುಟ್ಟಿನಿಂದ ಅಂಚಿನಿಂದ ನಡುವಿಗೆ ತಳ ಸವರುತ್ತಲೇ ಇರಬೇಕು. ಗಟ್ಟಿ ಗಂಟು ಕಂಡರೆ ಪ್ಯಾನನ್ನೇ ಉರಿಯಿಂದ ಎತ್ತಿಬಿಡಬೇಕು. ನೀರು ನೀರಾದದ್ದು ಹೋಗಿ ಇನ್ನೂ ಮಿರುಗುತ್ತಿರುವಾಗಲೇ ಇಳಿಸಿ ಒಂದು ಚಮಚ ಕೆನೆ ಬೆರೆಸಬೇಕು. ಪ್ಯಾನಿನ ಬಿಸಿಗೆ ತತ್ತಿ ಇನ್ನೂ ಬೇಯುವುದನ್ನು ತಣ್ಣನೆಯ ಕೆನೆ ನಿಲ್ಲಿಸುತ್ತದೆ. ಏಳು ನಿಮಿಷ.

ಮರುದಿನ ಬೆಳಿಗ್ಗೆ ಹತ್ತಿಮತ್ತೂರಿನ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸ್ಟೋವ್ ಹಚ್ಚಿದೆ. ಚನ್ನಬಸಪ್ಪನವರನ್ನು ಕುರ್ಚಿ ಹಾಕಿ ಕೂಡಿಸಿದ್ದರು. ಮಗ ನನ್ನ ಪಕ್ಕ ಕುಕ್ಕರಗಾಲಲ್ಲಿ. ಗಂಗವ್ವ ಹಿತ್ತಲ ಬಾಗಿಲ ಹೊಸ್ತಿಲ ಒಳಗೆ, ಸೆರಗು ಮೂಗಿಗೆ ಒತ್ತಿಕೊಂಡು. ಮೂಗು ಮುಚ್ಚಿತ್ತು, ಕಣ್ಣು ಮಾತ್ರ ನನ್ನ ಕೈ ಬಿಟ್ಟು ಅಲುಗಲಿಲ್ಲ. ತತ್ತಿ ಒಡೆದಿರಲಿಲ್ಲ, ಕೆಟ್ಟಿರಲಿಲ್ಲ. ಚಿಪ್ಪು ಬೀಳಲಿಲ್ಲ. ಸ್ಟೋವ್ ಆರಲಿಲ್ಲ. ಏಳನೆಯ ನಿಮಿಷಕ್ಕೆ ಪ್ಯಾನಿನಲ್ಲಿ ಹೊಸ ಬೆಣ್ಣೆಯಂತೆ ಮೃದುವಾದ ಹಳದಿ ಮುದ್ದೆ ಮಿರುಗುತ್ತಿತ್ತು. ನನ್ನ ಮೇಲೆ ನನಗೇ ಪ್ರೀತಿ ಬಂತು.

ಚನ್ನಬಸಪ್ಪನವರು ಒಂದು ಚಮಚ ಬಾಯಿಗಿಟ್ಟರು. ನುಂಗಿದರು. ನೋವಾಗಲಿಲ್ಲ. ಆದರೆ ಎರಡನೆಯದಕ್ಕೆ ಕೈ ಏಳಲಿಲ್ಲ. ತಾಟನ್ನು ಮೆಲ್ಲಗೆ ಮೊಣಕಾಲ ಮೇಲೆ ಇಳಿಸಿದರು. ನನ್ನ ಕಣ್ಣಿಗೆ ನಳಿಗೆ ಕಂಡಿತು.

"ಬಾಯಾರ," ಎಂದರು ಗಂಗವ್ವ ಹೊಸ್ತಿಲಿಂದ. "ನಾವು ದೇವರ ಎಡಿಗೆ ಮಾಡೋ ಅಡಿಗಿ ರುಚಿ ನೋಡಾಂಗಿಲ್ರಿ. ಕೈ ನೋಡೇ ಹೇಳ್ತೇವಿ. ಮೊದಲಿಂದ ನಿಮ್ಮ ಕೈ ನೋಡಾಕತ್ತೇನಿ. ಹಾಕಿಲ್ಲ ನೀವು."

ಒಳಗೆ ಹೋದರು. ಬರುವಾಗ ಮೂರು ಬೆರಳ ನಡುವೆ ಚಿಟಿಕೆ ಇತ್ತು. ಹೊಸ್ತಿಲ ಬಳಿ ಒಂದು ಕ್ಷಣ ನಿಂತು ಕೆಳಗಿಳಿದರು. ಗಂಡನ ತಾಟಿನ ಮೇಲೆ ಉದುರಿಸಿ, ಚಮಚದಿಂದ ತಾವೇ ಕಲಸಿದರು.

"ಉಣ್ರಿ," ಎಂದರು. "ಹೆಂಗೂ ಇನ್ನೊಮ್ಮೆ ಜಳಕ ಮಾಡಬೇಕು."

ತಾಟು ಖಾಲಿಯಾಯಿತು. ಮರುದಿನದಿಂದ ಮಗ ಬೇಯಿಸಿದ. ಗಂಗವ್ವ ಜಳಕವನ್ನು ಅರ್ಧ ಗಂಟೆ ಮುಂದೂಡಿ, ಚಿಟಿಕೆ ಹಿಡಿದು ದಿನಾ ಹಿತ್ತಲಿಗೆ ಇಳಿದರು. ಎರಡು ವಾರಕ್ಕೆ ತೂಕ ಐವತ್ತು ಕಿಲೋ ಮುನ್ನೂರು ಗ್ರಾಂ. ನಳಿಗೆಯ ಮಾತು ಮತ್ತೆ ಬರಲಿಲ್ಲ.

ಈಗ ಚಾರ್ಟ್ ಬರೆಯುವ ಮುನ್ನ, ಮನೆಯಲ್ಲಿ ಒಲೆ ಮುಂದೆ ನಿಲ್ಲುವವರು ಯಾರು ಎಂದು ಕೇಳಿ, ಅವರನ್ನೂ ಕೂಡಿಸಿಕೊಂಡು ಬರೆಯುತ್ತೇನೆ. ನಾನು ಬಿಟ್ಟದ್ದು ಅವರಿಗೆ ಕಾಣುತ್ತದೆ. ಹತ್ತಿಮತ್ತೂರಿನಿಂದ ಮರಳಿದ ಆ ಸಂಜೆ ಶಾಹಿದಾಳನ್ನು ಕೇಳಿದ್ದೆ. ಬಟ್ಟಲು ನನ್ನ ಕೈಗೆ ಕೊಡುವ ಮುಂಚೆಯೇ, ಕಡೆಯುವಾಗ, ಅವಳು ಹಾಕಿದ್ದಳಂತೆ. ಇಪ್ಪತ್ತೆರಡು ವರ್ಷ ಊರಿಗೆಲ್ಲ ಕಡಿಮೆ ಮಾಡಿ ಎಂದು ಬರೆದುಕೊಟ್ಟವಳು ಅಂದು ಮರೆತದ್ದು ಇಷ್ಟೇ: ಉಪ್ಪು.